ಶಂಕ್ರಮ್ಮನ ಕಿರುಬೆರಳು

ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಶಂಕ್ರಮ್ಮ ರೊಟ್ಟಿ ಬಡಿಯುತ್ತಿದ್ದ ಕಾಲಕ್ಕೆ ಆಕೆಯ ಕೈ ನೋಡಲೆಂದೇ ಮೂಟೆ ಹೊರುವ ಹಮಾಲರು ಬಾಗಿಲಲ್ಲಿ ನಿಲ್ಲುತ್ತಿದ್ದರು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲಿ ಮಗುಚುವುದು ಈ ಕಡೆಯ ಯಾವ ಹೆಂಗಸಿಗೂ ಬರುತ್ತದೆ. ಶಂಕ್ರಮ್ಮ ಕೆಂಡದ ಮೇಲಿಟ್ಟ ರೊಟ್ಟಿಯನ್ನೂ ಕೈಯಿಂದಲೇ ತಿರುಗಿಸಿ, ಉಬ್ಬಿದ್ದನ್ನು ಅಂಗೈಯಲ್ಲಿ ಎತ್ತಿ ಬುಟ್ಟಿಗೆ ಹಾಕುತ್ತಿದ್ದಳು. "ಯಕ್ಕಾ, ನಿಮ್ಮ ಕೈಗಿ ಬೆಂಕಿನೇ ಅಂಜತದ ನೋಡ್ರಿ" ಎಂದು ಅವರು ಅಂದರೆ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಗಂಡ ತೀರಿಕೊಂಡಾಗ ಮಗ ವಿವೇಕಾನಂದ ಮೂರನೆಯ ತರಗತಿ. ಆ ಕೈಯೇ ಅವನನ್ನು ಓದಿಸಿತು, ಒಂದು ಬೇಳೆ ಮಿಲ್ಲಿನಲ್ಲಿ ಗುಮಾಸ್ತನಾಗುವ ತನಕ ಸಾಕಿತು, ಮಲ್ಲಿಕಾಳನ್ನು ಸೊಸೆಯಾಗಿ ತಂದಿತು, ಕಡೆಗೆ ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ಒಂದು ಮನೆಯನ್ನೂ ಎಬ್ಬಿಸಿತು.

ಹೊಸ ಮನೆಗೆ ಬಂದ ಮೇಲೂ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಲೆ ಆರಿರಲಿಲ್ಲ. ಗಂಜಿನ ಖಾನಾವಳಿಯ ಇನಾಯತ್ ದಿನಾ ಹನ್ನೊಂದಕ್ಕೆ ಸ್ಕೂಟರಿನಲ್ಲಿ ಬಂದು ಎಂಬತ್ತು ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದ. ಎರಡು ವರ್ಷದಿಂದ ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಜೋಮು ಹಿಡಿದಂತೆ ಇದ್ದವು. ಮೊಣಕೈ ಹತ್ತಿರ ರೂಪಾಯಿಯಗಲ ಚರ್ಮ ತಿಳಿಬಿಳಿಯಾಗಿತ್ತು. ಅದನ್ನು ಚಿಬ್ಬು ಎಂದುಕೊಂಡು ಬೇವಿನೆಣ್ಣೆ ಹಚ್ಚಿ ಸುಮ್ಮನಾಗಿದ್ದಳು. ಬೆರಳಿನ ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಹೇಳುವುದಾದರೂ ಏನು? ಮೂವತ್ತು ವರ್ಷ ಹಂಚು ಮುಟ್ಟಿದ ಕೈ ಈಗ ಪೂರಾ ಪಳಗಿದೆ, ಅಷ್ಟೇ ಎಂದು ಆಕೆಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಹೋದ ವರ್ಷದ ಬೇಸಿಗೆ ರಜೆಯಲ್ಲಿ ಮಲ್ಲಿಕಾ ಒಂದು ಸಣ್ಣ ಕರೆಂಟಿನ ಒಲೆ ತರಿಸಿ ಬಡಾವಣೆಯ ಮಕ್ಕಳಿಗೆ ಬ್ರೆಡ್ಡು, ಬಿಸ್ಕಿಟ್ಟು ಕಲಿಸುವ ಕ್ಲಾಸು ಶುರು ಮಾಡಿದಳು. ಆರು ಮಕ್ಕಳು. ಮೇ ತಿಂಗಳ ಕಲಬುರಗಿಯ ಬಿಸಿಲಿನಲ್ಲಿ ಹತ್ತು ಗಂಟೆಯ ಮೇಲೆ ಒಲೆಯ ಹತ್ತಿರ ನಿಲ್ಲಲು ಸಾಧ್ಯವಿಲ್ಲ ಎಂದು ಬೆಳಗಿನ ಏಳಕ್ಕೇ ಎಲ್ಲರೂ ಕಣ್ಣುಜ್ಜುತ್ತ ಬಂದುಬಿಡುತ್ತಿದ್ದರು. ಹಿಟ್ಟು ನಾದಿಕೊಡುವ ಕೆಲಸ ಶಂಕ್ರಮ್ಮನದು.

ಒಂದು ದಿನ ಮಲ್ಲಿಕಾ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಶಂಕ್ರಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಇದೇನವಾ, ಯಾರೋ ಎದಿ ಮ್ಯಾಲ ಕೈ ಕಟ್ಟಿಗೊಂಡು ಕುಂತಂಗ ಅದ?"

"ಪ್ರೆಟ್ಜೆಲ್ ರೀ ಅತ್ತಿ. ಪರದೇಶದ ಬೇಕರಿ ತಿನಿಸು. ಮ್ಯಾಲ ಉಪ್ಪಿನ ಹರಳು ಇರ್ತಾವ, ಒಳಗ ಹತ್ತಿ ಇದ್ದಂಗ ಮೆತ್ತಗ."

"ಸಿಹಿ ಇಲ್ಲೇನು?"

"ಇಲ್ರೀ."

"ಸಿಹಿ ಇಲ್ಲದ್ದಕ್ಕ ಇಷ್ಟ ಕಷ್ಟ ಯಾಕ ಪಡ್ತಾರವಾ" ಎಂದು ಶಂಕ್ರಮ್ಮ ಹಿಟ್ಟು ನಾದುವ ಪರಾತದ ಮುಂದೆ ಕೂತಳು. ಮೈದಾ, ಈಸ್ಟು, ಬೆಚ್ಚಗಿನ ನೀರು, ಸ್ವಲ್ಪ ಬೆಣ್ಣೆ. ಜೋಳದ ಹಿಟ್ಟಿನಂತೆ ಇದು ಮುರಿಯುವುದಿಲ್ಲ, ಎಳೆದಷ್ಟೂ ಬರುತ್ತದೆ. ಒಂದು ತಾಸು ಉಬ್ಬಲು ಬಿಡಬೇಕೆಂದು ಮೊಬೈಲಿನಲ್ಲಿದ್ದರೂ ಆ ಸೆಖೆಗೆ ಅರ್ಧ ತಾಸಿನಲ್ಲೇ ಹಿಟ್ಟು ಪರಾತದ ಅಂಚು ದಾಟಿತು. ಮಕ್ಕಳು ಬೆರಳು ಚುಚ್ಚಿ, ಅದು ಉಸ್ಸೆಂದು ಇಳಿಯುವುದನ್ನು ನೋಡಿ ಕೇಕೆ ಹಾಕಿದರು.

ನಂತರ ಹಗ್ಗ ಹೊಸೆಯುವುದು. ಚಾಪೆಯ ಮೇಲೆ ಎಲ್ಲರೂ ಸಾಲಾಗಿ ಕೂತು ಒಂದೊಂದು ಉಂಡೆಯನ್ನು ಮಣೆಯ ಮೇಲೆ ಉದ್ದಕ್ಕೆ ಹೊಸೆದು, ಎರಡು ತುದಿಗಳನ್ನು ಒಂದರ ಮೇಲೊಂದು ಎರಡು ಸಲ ತಿರುವಿ, ಬಾಗಿಸಿ ಒತ್ತಬೇಕು. ಎಂಟು ವರ್ಷದ ಮಾಯಾ ಮೊದಲ ಸಲಕ್ಕೇ ಮಾಡಿದಳು. ಶಂಕ್ರಮ್ಮನಿಗೆ ಬರಲಿಲ್ಲ. ರೊಟ್ಟಿಗೆ ಅಂಗೈ ಸಾಕು. ಇಲ್ಲಿ ತುದಿಯನ್ನು ಬೆರಳುಗಳ ನಡುವೆ ಹಿಡಿದು ತಿರುವಬೇಕು. ತಿರುವಿದಾಗೆಲ್ಲ ಬಲಗೈಯ ಕಿರುಬೆರಳು ಕೊಕ್ಕೆಯಂತೆ ಬಾಗಿ ಹಿಟ್ಟಿಗೆ ಸಿಕ್ಕಿಕೊಂಡು ಹಗ್ಗ ಹರಿಯುತ್ತಿತ್ತು. ಮೂರು ಸಲ ಹರಿಯಿತು.

"ಆಯಿ, ನಿಮ್ಮ ಸಣ್ಣ ಬಟ್ಟು ಮಾತು ಕೇಳವಲ್ದು" ಎಂದು ಮಾಯಾ ನಕ್ಕಳು. "ನೆಟ್ಟಗ ಮಾಡ್ರಿ ಅದನ್ನ."

ಶಂಕ್ರಮ್ಮ ಬೆರಳನ್ನು ನೆಟ್ಟಗೆ ಮಾಡಲು ನೋಡಿದಳು. ಆಗಲಿಲ್ಲ. ಎಡಗೈಯಿಂದ ಹಿಡಿದು ಎಳೆದರೆ ಬಂತು, ಬಿಟ್ಟರೆ ಮತ್ತೆ ಬಾಗಿತು. ಇದು ಯಾವಾಗಿನಿಂದ ಹೀಗೆ? ಆಕೆಗೇ ನೆನಪಿರಲಿಲ್ಲ. "ವಯಸ್ಸಾಯ್ತಲವಾ" ಎಂದು ನಕ್ಕು ಉಂಡೆಯನ್ನು ಮಾಯಾಳ ಕೈಗೆ ಕೊಟ್ಟಳು.

ಕುದಿಯುವ ನೀರಿಗೆ ಅಡುಗೆ ಸೋಡಾ ಹಾಕಿ, ಒಂದೊಂದನ್ನೇ ಅದರಲ್ಲಿ ಮುಳುಗಿಸಿ ತೂತಿನ ಸೌಟಿನಿಂದ ಎತ್ತಿ, ಉಪ್ಪು ಉದುರಿಸಿ ಮಲ್ಲಿಕಾ ಒಲೆಗೆ ಇಟ್ಟಳು. ಕಾಲು ತಾಸಿಗೆ ಮನೆ ತುಂಬ ಬೆಣ್ಣೆಯ ಘಮ ಹರಡಿತು. ಒಲೆಯ ಬಾಗಿಲು ತೆರೆದು ತಟ್ಟೆ ಎಳೆದಾಗ ಪ್ರೆಟ್ಜೆಲ್ಲುಗಳು ಕಡು ಕಂದು ಬಣ್ಣಕ್ಕೆ ತಿರುಗಿ ಹೊಳೆಯುತ್ತಿದ್ದವು.

"ನಂದ ಯಾವ್ದು? ನಂದ ಯಾವ್ದು?" ಎಂದು ಮಕ್ಕಳು ಮೇಲೆ ಬಿದ್ದರು.

"ದೂರ ಸರೀರಿ, ಸುಡ್ತದ!" ಎಂದು ಶಂಕ್ರಮ್ಮ ಒಂದು ಅರಿವೆಯನ್ನು ಮಡಚಿ ತಟ್ಟೆಯನ್ನು ತಾನೇ ಹಿಡಿದುಕೊಂಡು ಎತ್ತರಕ್ಕೆ ಎತ್ತಿದಳು. ಹಾಗೇ ಹಿಡಿದು ನಿಂತು, ಇದು ನಿಂದು, ಇದು ಇವನದು ಎಂದು ಗುರುತು ಹೇಳತೊಡಗಿದಳು. ಅರಿವೆ ಹೆಬ್ಬೆರಳಿನ ಕಡೆಗೆ ಸರಿದಿತ್ತು. ಬೆಣ್ಣೆಯ ಘಮದ ನಡುವೆ ಬೇರೆ ಒಂದು ವಾಸನೆ ಬಂತು. ಯಾವುದೋ ಪ್ರೆಟ್ಜೆಲ್ಲಿನ ಅಡಿ ಹತ್ತಿತೇನೋ ಎಂದು ಆಕೆ ತಟ್ಟೆಯತ್ತ ಬಾಗಿದಳು.

ಮಾಯಾ ಚಿಟ್ಟನೆ ಚೀರಿದಳು. "ಆಯಿ! ಕೈ! ನಿಮ್ಮ ಕೈ!"

ಶಂಕ್ರಮ್ಮ ನೋಡಿದಳು. ಕಿರುಬೆರಳು, ಅದರ ಕೆಳಗಿನ ಅಂಗೈಯ ಅಂಚು ತಟ್ಟೆಗೆ ಅಂಟಿಕೊಂಡಿದ್ದವು. ಚರ್ಮ ಬೆಳ್ಳಗಾಗಿ ಸುತ್ತಿಕೊಳ್ಳುತ್ತಿತ್ತು. ಮಲ್ಲಿಕಾ ಓಡಿಬಂದು ತಟ್ಟೆಯನ್ನು ಕಸಿದುಕೊಂಡಾಗ ಚರ್ಮದ ತುಂಡೊಂದು ಅಲ್ಲೇ ಉಳಿಯಿತು. ಮಕ್ಕಳೆಲ್ಲ ಅಳುತ್ತಿದ್ದರು. ಶಂಕ್ರಮ್ಮ ಮಾತ್ರ ಅಳಲಿಲ್ಲ, ಕೂಗಲಿಲ್ಲ. ನೋಯುತ್ತಿರಲಿಲ್ಲ. ಸುಟ್ಟ ಕೈ ಬೇರೆ ಯಾರದೋ, ತಾನು ದೂರದಿಂದ ನೋಡುತ್ತಿದ್ದೇನೆ ಎನಿಸಿ ಆಕೆ ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟಳು.

ಮಾಯಾಳ ಅಪ್ಪ ಸುಧಾಕರ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಮಗಳನ್ನು ಕರೆದೊಯ್ಯಲು ಬಂದವನು ಅವಳ ಮಾತು ಕೇಳಿ ಒಳಗೆ ಬಂದ. ಗಾಯ ತೊಳೆದು, ಮುಲಾಮು ಹಚ್ಚಿ, ಬಟ್ಟೆ ಸುತ್ತುವಾಗ ಒಮ್ಮೆ ತಲೆ ಎತ್ತಿದ.

"ಅವ್ವಾರ, ನೋವಾಗವಲ್ದೇನ್ರಿ?"

"ಇಲ್ಲಪಾ."

"ಕಣ್ಣು ಮುಚ್ಚ್ರಿ. ಮುಟ್ಟಿದಾಗ ಹೇಳ್ರಿ."

ಆಕೆ ಕಣ್ಣು ಮುಚ್ಚಿ ಕಾದಳು. ಮುಟ್ಟಲಿ ಎಂದು ಕಾಯುತ್ತಲೇ ಇದ್ದಳು. ಕಣ್ಣು ತೆರೆದಾಗ ಸುಧಾಕರನ ಪೆನ್ನಿನ ತುದಿ ಮೊಣಕೈಯ ಆ ಬಿಳಿ ಕಲೆಯ ಮೇಲೆ ಒತ್ತಿಕೊಂಡಿತ್ತು. ಅವನು ಪೆನ್ನನ್ನು ಜೇಬಿಗೆ ಇಟ್ಟುಕೊಂಡ. "ನಾಳಿಗಿ ಚರ್ಮದ ವಿಭಾಗಕ್ಕ ಬರ್ರಿ. ನಾ ಅಲ್ಲೇ ಇರ್ತೀನಿ" ಎಂದ.

ಮರುದಿನ ಡಾಕ್ಟರಮ್ಮ ಶಂಕ್ರಮ್ಮನ ಮೊಣಕೈಯ ಒಳಬದಿಯಲ್ಲಿ ಬೆರಳಾಡಿಸಿ, "ಇಲ್ಲಿ ನೋಡಿ" ಎಂದು ಆಕೆಯ ಎಡಗೈಯನ್ನೇ ಹಿಡಿದು ಮುಟ್ಟಿಸಿದರು. ಚರ್ಮದ ಕೆಳಗೆ ಒಂದು ನರ ದಾರದಂತೆ ಅಲ್ಲ, ಹುರಿ ಹಾಕಿದ ಹಗ್ಗದಂತೆ ಗಡುಸಾಗಿತ್ತು. ಬೆನ್ನಿನ ಮೇಲೆ ಇನ್ನೂ ಆರು ಮಚ್ಚೆ ಸಿಕ್ಕವು. ಡಾಕ್ಟರಮ್ಮ ಸುತ್ತಿ ಬಳಸಿ ಹೇಳಲಿಲ್ಲ.

"ಅಮ್ಮಾ, ಇದು ಕುಷ್ಠ ರೋಗ."

ಆಮೇಲೆ ಅವರು ಹೇಳಿದ್ದು ಬಹಳ. ಇದು ಪೂರ್ತಿ ವಾಸಿಯಾಗುತ್ತದೆ, ಔಷಧಿಗೆ ದುಡ್ಡಿಲ್ಲ, ಹನ್ನೆರಡು ತಿಂಗಳು ತಪ್ಪದೆ ನುಂಗಬೇಕು, ಶುರು ಮಾಡಿದ ಮೇಲೆ ಬೇರೆಯವರಿಗೆ ಹರಡುವುದಿಲ್ಲ, ಊಟದಿಂದ ಬರುವುದಿಲ್ಲ. ಶಂಕ್ರಮ್ಮನ ಕಿವಿಯಲ್ಲಿ ಮೊದಲಿನ ಆ ಒಂದು ಮಾತೇ ನಿಂತುಬಿಟ್ಟಿತ್ತು. ಚಿಕ್ಕಂದಿನಲ್ಲಿ ಕಮಲಾಪುರದ ಸಂತೆಯ ಆಚೆ ಕೂತು ತಟ್ಟೆ ಬಡಿಯುತ್ತಿದ್ದ ಮನುಷ್ಯ, ಆತನತ್ತ ಕಾಸನ್ನು ದೂರದಿಂದ ಎಸೆಯಬೇಕೆಂದು ಅವ್ವ ಕಲಿಸಿದ್ದು ಕಣ್ಣ ಮುಂದೆ ಬಂತು. ಮೂವತ್ತು ವರ್ಷದ ರೊಟ್ಟಿ ನೆನಪಾಯಿತು. ಎಷ್ಟು ಬಾಯಿ!

"ನಾ ಬಡದ ರೊಟ್ಟಿ ಜನ ತಿಂದಾರ್ರೀ" ಎಂದಳು, ತಪ್ಪು ಒಪ್ಪಿಕೊಳ್ಳುವವಳಂತೆ.

"ತಿಂದವರಿಗೆ ಏನೂ ಆಗಿಲ್ಲಮ್ಮ, ಆಗೋದೂ ಇಲ್ಲ." ಡಾಕ್ಟರಮ್ಮ ಮೊದಲ ಗುಳಿಗೆಗಳನ್ನು ತಮ್ಮ ಮುಂದೆಯೇ ನುಂಗಿಸಿದರು. "ಜೊತೆಗೆ ಇರೋರನ್ನೆಲ್ಲ ಒಮ್ಮೆ ನೋಡಬೇಕು. ನಿಮ್ಮ ಬಳಗದಲ್ಲಿ ಮಾಯದ ಗಾಯ ಇರೋರು, ಕೈಕಾಲು ಜೋಮು ಹಿಡಿದೋರು ಯಾರಾದರೂ ಇದ್ದಾರಾ?"

"ಯಾರಿಲ್ರೀ" ಎಂದಳು ಶಂಕ್ರಮ್ಮ.

ಮಲ್ಲಿಕಾಳ ಜತೆ ಆಟೋದಲ್ಲಿ ಬರುವಾಗ, ಆಕೆ ಇದ್ದಕ್ಕಿದ್ದಂತೆ ಸೊಸೆಯ ತೋಳು ಹಿಡಿದಳು. ಕರೋನಾ ವರ್ಷ ಗಂಜು ಮುಚ್ಚಿದಾಗ ಆಕೆ ಆರು ತಿಂಗಳು ಕಮಲಾಪುರದಲ್ಲಿ ಅಣ್ಣ ದೇವೀಂದ್ರಪ್ಪನ ಮನೆಯಲ್ಲಿದ್ದಳು. ಅಣ್ಣನಿಗೆ ಸಕ್ಕರೆ ಕಾಯಿಲೆ ಎಂದು ಅವನ ಹೆಂಡತಿ, ವೈನಿ ಚಂದಮ್ಮ ಹೇಳಿದ್ದಳು. ಅವನು ಮನೆಯೊಳಗೂ ಬೂಟು ಬಿಚ್ಚುತ್ತಿರಲಿಲ್ಲ. ದಿನಾ ಸಂಜೆ ವೈನಿ ಬಿಸಿನೀರು ಹಿಡಿದು ಅವನನ್ನು ಬಚ್ಚಲಿಗೆ ಕರೆದೊಯ್ದು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು.

"ಮಲ್ಲಿಕಾ, ಆಟೋ ಬಸ್‌ಸ್ಟ್ಯಾಂಡಿಗಿ ತಿರುಗ್ಸಾಕ ಹೇಳು."

ಕಮಲಾಪುರ ಮುಟ್ಟಿದಾಗ ಸಂತೆ ತುಂಬಿತ್ತು. ದೇವೀಂದ್ರಪ್ಪ ತನ್ನ ತೋಟದ ಕೆಂಬಾಳೆಯ ಗೊನೆಗಳನ್ನು ಮಾರಿ ಆಗಷ್ಟೇ ಮನೆಗೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಕಾಲಲ್ಲಿ ಅದೇ ಕ್ಯಾನ್ವಾಸಿನ ಬೂಟು.

"ಅಣ್ಣಾ, ಬೂಟ ಬಿಚ್ಚು."

"ನೀರ ಕುಡಿಲಿಲ್ಲ, ಕುಂತಿಲ್ಲ. ಏನಾಗ್ಯಾದ ನಿನಗ?"

"ಬಿಚ್ಚು ಅಂದೆ."

"ನನಗ ಸಕ್ಕರಿ ಬ್ಯಾನಿ ಅದ, ಗೊತ್ತಿಲ್ಲೇನು? ಕಲಬುರ್ಗಿಯಿಂದ ಬಂದು ಬೂಟ ಬಿಚ್ಚಸ್ತಾಳಂತ, ಹುಚ್ಚ ಹಿಡದಾದ ಈಕಿಗಿ!"

ಶಂಕ್ರಮ್ಮ ತನ್ನ ಕೈಯ ಬಟ್ಟೆಯನ್ನು ಬಿಚ್ಚಿ ಅವನ ಮೂಗಿನ ಮುಂದೆ ಹಿಡಿದಳು. ರೋಗದ ಹೆಸರನ್ನು ಬಾಯಿ ಬಿಟ್ಟು ಹೇಳಿದಳು. ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಆಕೆಯೇ ಬೆಚ್ಚಿದಳು. ಒಳಗಿನಿಂದ ಬಂದ ಚಂದಮ್ಮ ಯಾರ ಮುಖವನ್ನೂ ನೋಡದೆ ಗಂಡನ ಮುಂದೆ ಕುಕ್ಕರುಗಾಲಲ್ಲಿ ಕೂತು ಲೇಸು ಬಿಚ್ಚಿದಳು.

ಎಡಗಾಲಿನಲ್ಲಿ ಎರಡು ಬೆರಳು ಇರಲಿಲ್ಲ. ಹಿಮ್ಮಡಿಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ಮಲ್ಲಿಕಾ ಬಾಯಿಗೆ ಕೈ ಹಿಡಿದು ಗೋಡೆಗೆ ಒರಗಿದಳು.

"ಎಂಟ ವರ್ಷ ಆತು ಯವ್ವಾ" ಎಂದಳು ಚಂದಮ್ಮ. "ಯಾರಿಗೂ ತಿಳೀಬಾರ್ದಂತ ಆಣಿ ಹಾಕ್ಸಿದ್ರು."

ದೇವೀಂದ್ರಪ್ಪ ತಂಗಿಯ ಸುಟ್ಟ ಕೈಯನ್ನು ನೋಡಿದ. "ನಿನಗ ನನ್ನಿಂದ ಬಂತೇನ ತಂಗಿ?"

"ಯಾರಿಂದ ಬಂತೋ ಡಾಕ್ಟರಿಗೂ ಹೇಳಾಕ ಬರಂಗಿಲ್ಲಂತ. ನಾಳಿಗಿ ಎಂಟರ ಬಸ್ಸಿಗಿ ಆಸ್ಪತ್ರಿಗಿ ಬಾ."

"ಬಂದ್ರ ಊರಿಗೆಲ್ಲ ಗೊತ್ತಾಗ್ತದ. ಬಾಳಿಹಣ್ಣ ಯಾರ ಕೊಳ್ತಾರ ನನ್ನ ಕೈಲಿಂದ?"

ಅದೇ ಪ್ರಶ್ನೆಯನ್ನು ಶಂಕ್ರಮ್ಮ ಬಸ್ಸಿನ ದಾರಿಯುದ್ದಕ್ಕೂ ತನಗೇ ಕೇಳಿಕೊಂಡು ಬಂದಿದ್ದಳು.

ರಾತ್ರಿಯೇ ಮನೆಗೆ ಮರಳಿದರು. ಮರುದಿನ ಬೆಳಗಾಗುತ್ತಲೇ ಬಚ್ಚಲಿನಿಂದ ಶಂಕ್ರಮ್ಮ ಹೌಹಾರಿ ಕೂಗಿದಳು. ಮೂತ್ರ ಕೆಂಪಗೆ ಹೋಗಿತ್ತು. ಸತ್ತೇ ಹೋದೆ ಎಂದುಕೊಂಡು ಮಗನನ್ನು ಕರೆದಳು. ವಿವೇಕಾನಂದ ಸುಧಾಕರನಿಗೆ ಫೋನು ಮಾಡಿದರೆ ಅವನು, "ಗುಳಿಗಿ ಬಣ್ಣರೀ ಅದು, ನಿನ್ನಿ ಡಾಕ್ಟರ್ ಹೇಳಿದ್ರಲ್ಲ" ಎಂದ. ಶಂಕ್ರಮ್ಮ ಅದನ್ನು ಕೇಳಿಸಿಕೊಂಡಿದ್ದರೆ ತಾನೇ!

ಅಣ್ಣ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ಟವೆಲಿನಿಂದ ಮುಖ ಮುಚ್ಚಿಕೊಂಡು, ಚಂದಮ್ಮನ ಹೆಗಲು ಹಿಡಿದು ಆಸ್ಪತ್ರೆಯ ಗೇಟಿನಲ್ಲಿ ಇಳಿದ. ಅವನಿಗೂ ಅದೇ ರೋಗವೆಂದು ಗುಳಿಗೆ ಶುರುವಾಯಿತು. ಅಂದು ಇನ್ನೊಂದು ಬೆರಗು ಕಾದಿತ್ತು. ಎಂಟು ವರ್ಷ ಆ ಗಾಯ ತೊಳೆದ ಚಂದಮ್ಮನ ಮೈಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಬಹಳ ಜನರ ಮೈಗೆ ಈ ರೋಗ ಹತ್ತುವುದೇ ಇಲ್ಲ ಎಂದರು ಡಾಕ್ಟರಮ್ಮ. ವಿವೇಕಾನಂದ, ಮಲ್ಲಿಕಾ ಇಬ್ಬರನ್ನೂ ನೋಡಿ, ಮುಂಜಾಗ್ರತೆಗೆ ಒಂದು ಸಲದ ಗುಳಿಗೆ ಕೊಟ್ಟು ಕಳಿಸಿದರು.

ಶಂಕ್ರಮ್ಮನಿಗೆ ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟವಳು ಮಲ್ಲಿಕಾ. ಆ ಭಾನುವಾರ ಅವಳು ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಎಲ್ಲವನ್ನೂ ಬರೆದುಬಿಟ್ಟಳು. ರೋಗದ ಹೆಸರು, ಔಷಧಿ ಶುರುವಾದದ್ದು, ಮಕ್ಕಳಿಗೆ ಭಯವಿಲ್ಲವೆಂದು ಡಾಕ್ಟರು ಹೇಳಿದ್ದು, ಅನುಮಾನವಿದ್ದರೆ ಉಚಿತವಾಗಿ ತೋರಿಸಬಹುದಾದ ಕೋಣೆಯ ನಂಬರು.

"ನನ್ನ ಮರ್ಯಾದಿ ಬೀದಿಗಿ ಹಾಕ್ದೆಲ್ಲ!" ಎಂದು ಶಂಕ್ರಮ್ಮ ಹಣೆ ಬಡಿದುಕೊಂಡಳು. "ಹೊಟ್ಟಿ ಮಗಳಾಗಿದ್ರ ಹಿಂಗ ಮಾಡ್ತಿದ್ದೇನು?"

ಮಲ್ಲಿಕಾಳ ಮುಖವೂ ಬಿಳಿಚಿತ್ತು. "ಆರು ಹುಡುಗ್ರು ಕಣ್ಣಾರೆ ನೋಡ್ಯಾವ ಅತ್ತಿ. ಅರ್ಧ ಅವು ಹೇಳ್ತಾವ, ಉಳದರ್ಧ ಜನ ಕಟ್ಟಿ ಹೇಳ್ತಾರ. ಅದಕ್ಕಿಂತ ನಾವೇ ಪೂರಾ ಹೇಳೂದು ಚಲೋ ಅನಿಸ್ತು. ಕಮಲಾಪುರದ ಮಾವಾರ ಕಾಲು ನೋಡಿದಾಗಿಂದ ನನಗ ಮುಚ್ಚಿಡೂದಂದ್ರನೇ ಹೆದ್ರಿಕಿ ಬಂದದ."

ಶಂಕ್ರಮ್ಮ ಎರಡು ದಿನ ಸೊಸೆಯ ಜತೆ ಮಾತಾಡಲಿಲ್ಲ. ನಾಲ್ಕು ಮಕ್ಕಳ ಮನೆಯವರು ಗುಂಪು ಬಿಟ್ಟರು. ಪಕ್ಕದ ಮನೆಯವರು ಹಿತ್ತಲ ಕಡೆಯ ಕಿಟಕಿ ಮುಚ್ಚಿದರು. ಮೂರನೆಯ ದಿನ ಹನ್ನೊಂದಕ್ಕೆ ಇನಾಯತ್ ಬಂದಾಗ ಆಕೆಯೇ ಎದುರು ಹೋಗಿ ಹೇಳಿದಳು. ಅವನಿಗೆ ಆಗಲೇ ಗೊತ್ತಿತ್ತು. ಸ್ಕೂಟರಿನಿಂದ ಇಳಿದು, ಆಕೆ ಎಡಗೈಯಿಂದಲೇ ಬಡಿದು ಬುಟ್ಟಿಗೆ ಹಾಕಿದ್ದ ಒಂದು ರೊಟ್ಟಿ ಮುರಿದು ಅಲ್ಲೇ ನಿಂತು ಬರಿದೇ ತಿಂದ.

"ಅಕ್ಕಾ, ನಂದೇನೂ ಶಿಕಾಯತ್ ಇಲ್ಲ. ಆದ್ರ ಗಿರಾಕಿ ಬಾಯಿ ಮುಚ್ಚಿಸಾಕ ನನ್ನಿಂದ ಆಗಂಗಿಲ್ಲ. ಥೋಡೆ ದಿನ ಬಿಡ್ರಿ" ಎಂದು ಕಣ್ಣು ತಪ್ಪಿಸಿ ಹೋದ. ಆ ಥೋಡೆ ದಿನ ನಾಲ್ಕು ತಿಂಗಳಾಯಿತು. ಮತ್ತೆ ಬಂದಾಗ ಮೊದಲು ಮೂವತ್ತು ರೊಟ್ಟಿ, ಆಮೇಲೆ ಐವತ್ತು. ಎಂಬತ್ತಕ್ಕೆ ಇನ್ನೂ ಮುಟ್ಟಿಲ್ಲ.

ಆ ನಾಲ್ಕು ತಿಂಗಳ ನಡುವಿನ ಒಂದು ಬೆಳಿಗ್ಗೆ ಸುಧಾಕರ ಮಾಯಾಳನ್ನು ಕರೆದುಕೊಂಡು ಬಂದ. ಜತೆಗೆ ಇನ್ನೊಬ್ಬಳು ಹುಡುಗಿ. ಮಾಯಾ ಮೈದಾದ ಚೀಲವನ್ನು ಎದೆಗವಚಿಕೊಂಡಿದ್ದಳು.

"ಪ್ರೆಟ್ಜೆಲ್ ತಿನ್ಲೇ ಇಲ್ಲಲ್ಲ ಅವತ್ತ" ಎಂದಳು. "ಎಲ್ಲರೂ ಅತ್ತಿವಿ. ಮತ್ತ ಮಾಡೋಣು."

ಶಂಕ್ರಮ್ಮ ಒಳಗೇ ಕೂತಿದ್ದಳು. ಗುಳಿಗೆಯಿಂದ ಮೈ ಕಪ್ಪಿಟ್ಟಿತ್ತು. ಕೈಯನ್ನು ಸೆರಗಿನಡಿ ಇಟ್ಟುಕೊಂಡು ನೋಡುವುದೇ ತನ್ನ ಪಾಲಿಗೆ ಸಾಕೆಂದು ನಿಶ್ಚಯಿಸಿದ್ದಳು. ಮಲ್ಲಿಕಾ ನಾದತೊಡಗಿದಳು. ಹಿಟ್ಟು ಗಂಟು ಗಂಟಾಯಿತು. ಮಾಯಾ ಎದ್ದು ಬಂದು, ಅನುಮತಿ ಕೇಳದೆ ಆಕೆಯ ಬಲಗೈಯನ್ನು ಸೆರಗಿನಿಂದ ಎಳೆದುಕೊಂಡು ಕಲೆಗಟ್ಟಿದ ಅಂಚನ್ನು ಬೆರಳಿನಿಂದ ಸವರಿದಳು.

"ಇಲ್ಲಿ ಮುಟ್ಟಿದ್ರ?"

"ತಿಳ್ಯಂಗಿಲ್ಲವಾ."

"ಇಲ್ಲಿ?"

"ಇಲ್ಲಿ ತಿಳೀತದ."

"ಹಂಗಾದ್ರ ಇಷ್ಟರಾಗ ನಾದ್ರಿ. ಬರ್ರಿ ಬೇಗ."

ಆ ಪುಟ್ಟ ಕೈ ಹಿಂಜರಿಯದೆ ಮುಟ್ಟಿದ್ದಕ್ಕೆ ಶಂಕ್ರಮ್ಮನ ಮೈ ಜುಮ್ಮೆಂದಿತು. ಎಷ್ಟೋ ವಾರಗಳಿಂದ ಡಾಕ್ಟರು, ಸುಧಾಕರ, ಮನೆಯವರನ್ನು ಬಿಟ್ಟರೆ ಯಾರೂ ಆ ಕೈಯನ್ನು ಮುಟ್ಟಿರಲಿಲ್ಲ. ಸುಧಾಕರ ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದ, ಮಗಳನ್ನು ತಡೆಯಲಿಲ್ಲ. ಆಕೆ ಎದ್ದು ಕೈ ತೊಳೆದು ಪರಾತದ ಮುಂದೆ ಕೂತಳು. ಅಂದು ನಾಲ್ಕು ಪ್ರೆಟ್ಜೆಲ್ಲಾದವು. ಒಂದಂತೂ ಪ್ರೆಟ್ಜೆಲ್ಲಿನ ಹಾಗೆ ಇರಲೇ ಇಲ್ಲ. ಬಿಸಿಬಿಸಿಯಾಗಿ ಶೇಂಗಾ ಚಟ್ನಿಪುಡಿ, ಮೊಸರಿನ ಜತೆ ತಿಂದರು. "ಉಪ್ಪ ಜಾಸ್ತಿ ಆತು" ಎಂದಳು ಶಂಕ್ರಮ್ಮ. ಸೊಸೆಯ ಜತೆ ಮನಸ್ಸು ಬಿಚ್ಚಿ ಮಾತಾಡಿದ್ದೂ ಅಂದೇ.

ಈ ವರ್ಷ ಮಳೆಗಾಲದ ಹೊತ್ತಿಗೆ ಆಕೆಯ ಹನ್ನೆರಡು ತಿಂಗಳು ಮುಗಿದವು. ರೋಗ ಹೋಯಿತು. ಬೆರಳು ಬಾಗಿದ್ದು ಬಾಗಿದಂತೆಯೇ ಉಳಿದಿದೆ, ಸ್ಪರ್ಶ ತಿರುಗಿ ಬಂದಿಲ್ಲ. ತಡವಾಗಿ ಬಂದಿರಿ ಎಂದರು ಡಾಕ್ಟರಮ್ಮ. ಈಗ ಆಕೆ ಕೈಯನ್ನು ನಂಬುವುದಿಲ್ಲ, ಕಣ್ಣನ್ನು ನಂಬುತ್ತಾಳೆ. ರೊಟ್ಟಿಯನ್ನು ಚಿಮಟದಿಂದ ತಿರುಗಿಸುತ್ತಾಳೆ.

ಕೊನೆಯ ಸಲ ತೋರಿಸಿಕೊಳ್ಳಲು ಹೋದ ದಿನ ಚರ್ಮದ ವಿಭಾಗದ ಮೊಗಸಾಲೆಯಲ್ಲಿ ಯಾರೋ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ತಿರುಗಿ ನೋಡಿದರೆ ದೇವೀಂದ್ರಪ್ಪ. ಮುಖದ ಮೇಲೆ ಟವೆಲಿರಲಿಲ್ಲ. ಪಕ್ಕದಲ್ಲಿ ತಲೆ ತಗ್ಗಿಸಿದ ಒಬ್ಬ ಹೆಂಗಸು.

"ತಂಗಿ, ಈಕಿ ನಮ್ಮ ಸಂತ್ಯಾಗ ಬಳಿ ಮಾರಾಕಿ" ಎಂದ ಅಣ್ಣ, ಇಡೀ ಸಾಲಿಗೆ ಕೇಳುವಂತೆ. "ಬೆನ್ನ ಮ್ಯಾಲ ಮಚ್ಚಿ ಅದಂತ. ಹೆದರ್ಕೊಂಡು ಬರವಲ್ಲಾಗಿದ್ಳು. ನನಗೂ ಇತ್ತು, ನೋಡು ಈಗ ಹೆಂಗ ಅದೀನಿ ಅಂತ ಹೇಳಿ ಕರ್ಕೊಂಡು ಬಂದೀನಿ."

ಎಂಟು ವರ್ಷ ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದ ಮನುಷ್ಯ ಇವನೇನಾ ಎಂದು ಶಂಕ್ರಮ್ಮ ಅಣ್ಣನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಬೆಂಚಿನ ಮೇಲೆ ಒತ್ತರಿಸಿ ಸರಿದು ಆ ಬಳೆಗಾರ್ತಿಗೆ ಜಾಗ ಮಾಡಿಕೊಟ್ಟಳು.